ಫಾರ್ಮ್ಯಾಟ್ ಹೊಡೆಯುವ ಮುನ್ನ

ತಿಪಟೂರಿನಲ್ಲಿ ನನ್ನ ಸೋದರಮಾವನದೊಂದು ಸಣ್ಣ ಪ್ರೆಸ್ಸಿದೆ. ಒಂದು ಆಫ್‌ಸೆಟ್ ಯಂತ್ರ, ಒಂದು ಕಟಿಂಗ್ ಮಷೀನು, ಕಿಟಕಿಯ ಪಕ್ಕದ ಮೇಜಿನ ಮೇಲೆ ಡಿಟಿಪಿ ಮಾಡುವ ಕಂಪ್ಯೂಟರ್. ಹೋದ ವರ್ಷ ವೈಶಾಖದಲ್ಲಿ, ಲಗ್ನಪತ್ರಿಕೆಗಳ ಭರಾಟೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಆ ಕಂಪ್ಯೂಟರ್ ನಿಧಾನವಾಯಿತು. ಬೆಳಿಗ್ಗೆ ಸ್ವಿಚ್ ಹಾಕಿ, ಬಾಗಿಲಿಗೆ ನೀರು ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವಂತೆ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ತೆರೆಯಲು ಐದು ನಿಮಿಷ. ವಧುವಿನ ಹೆಸರು ತಿದ್ದಿ ಸೇವ್ ಒತ್ತಿದರೆ ಮತ್ತೆ ಎರಡು ನಿಮಿಷ.

ಮಾವ ಫೋನ್ ಮಾಡಿದರು. “ನೋಡಪ್ಪ, ಹನ್ನೆರಡು ವರ್ಷದ ಸಿಸ್ಟಮ್ಮು, ವಯಸ್ಸಾಯ್ತು ಅಂತ ಕಾಣುತ್ತೆ. ಅಂಗಡಿ ಹುಡುಗ ನಾಳೆ ಬಂದು ಫಾರ್ಮ್ಯಾಟ್ ಹೊಡೆದುಕೊಡ್ತೀನಿ ಅಂದಿದಾನೆ.”

“ಬ್ಯಾಕಪ್ ಇದೆಯಾ ಮಾವ?”

“ಇದೆಯಲ್ಲ, ಎಲ್ಲಾನೂ ಡಿ ಡ್ರೈವಲ್ಲಿ ಹಾಕಿದೀನಿ.”

“ಹಾಗಾದ್ರೆ ಆ ಹುಡುಗನಿಗೆ ಎರಡು ದಿನ ತಡಿ ಅಂತ ಹೇಳಿ. ನಾನು ಬರ್ತೀನಿ. ಅಲ್ಲಿವರೆಗೂ ಅದನ್ನ ಆನ್ ಮಾಡಬೇಡಿ” ಎಂದು ಹೇಳಿ ಮರುದಿನ ಬೆಳಗಿನ ರೈಲು ಹತ್ತಿದೆ.

ನನಗೆ ಗಾಬರಿಯಾದದ್ದು ಆ ಡಿ ಡ್ರೈವಿನ ಮಾತಿಗೆ. ಸಿ ಡ್ರೈವ್, ಡಿ ಡ್ರೈವ್ ಎಂದು ಎರಡು ಹೆಸರು ಕಂಡರೆ ಎರಡು ಪೆಟ್ಟಿಗೆಗಳಿವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಹುಪಾಲು ಮನೆ, ಅಂಗಡಿಗಳ ಕಂಪ್ಯೂಟರುಗಳಲ್ಲಿ ಇರುವುದು ಒಂದೇ ಹಾರ್ಡ್ ಡಿಸ್ಕ್. ಅಣ್ಣತಮ್ಮಂದಿರು ಹಳೆಯ ಮನೆಗೆ ನಡುಗೋಡೆ ಎಬ್ಬಿಸಿ ಎರಡು ಪಾಲು ಮಾಡಿಕೊಂಡ ಹಾಗೆ ಅದರೊಳಗೊಂದು ಗಡಿ ಹಾಕಿರುತ್ತಾರೆ. ವಿಂಡೋಸ್ ಕೆಟ್ಟು ಸಿ ಪಾಲನ್ನು ಅಳಿಸಬೇಕಾಗಿ ಬಂದಾಗ ಡಿ ಪಾಲಿನಲ್ಲಿದ್ದದ್ದು ಉಳಿಯುತ್ತದೆ, ಅಷ್ಟರಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ. ಡಿಸ್ಕೇ ಕೆಟ್ಟಾಗ, ತೊಲೆ ಮುರಿದ ಮನೆಯಲ್ಲಿ ಎರಡು ಪಾಲಿಗೂ ಸೂರಿರುವುದಿಲ್ಲ.

ಆ ಡಿಸ್ಕಿನಲ್ಲಿ ಇದ್ದದ್ದಾದರೂ ಏನು? ಹನ್ನೆರಡು ವರ್ಷದ ಲಗ್ನಪತ್ರಿಕೆಗಳು. ಮದುವೆಗೆ ಪತ್ರಿಕೆ ಮಾಡಿಸಿದವರೇ ಮಗುವಿನ ನಾಮಕರಣಕ್ಕೂ ಬರುತ್ತಾರೆ, “ಹಳೇದರಲ್ಲಿ ಮನೆದೇವರ ಹೆಸರು, ಹಿರಿಯರ ಹೆಸರು ಇದೆಯಲ್ಲ, ಅದನ್ನೇ ಹಾಕಿ” ಎನ್ನುತ್ತಾರೆ. ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನಿವೃತ್ತ ಮೇಷ್ಟ್ರೊಬ್ಬರು ಬರೆದ, ಮೂರು ಸಲ ಕರಡು ತಿದ್ದಿ ಮುಗಿದಿದ್ದ ಇನ್ನೂರು ಪುಟದ ಪುಸ್ತಕ. ಅವರ ಕೈಬರಹದ ಪ್ರತಿಯ ಮೇಲಿನ ತಿದ್ದುಪಡಿಗಳೆಲ್ಲ ಸೇರಿದ್ದು ಈ ಕಂಪ್ಯೂಟರಿನಲ್ಲಿ ಮಾತ್ರ.

ಪ್ರೆಸ್ಸಿಗೆ ಹೋದವನು ಮೊದಲು ಒಂದೇ ಒಂದು ಸಲ ಕಂಪ್ಯೂಟರ್ ಆನ್ ಮಾಡಿ ಟಾಸ್ಕ್ ಮ್ಯಾನೇಜರ್ ತೆರೆದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ಕಂಪ್ಯೂಟರ್ ನಿಧಾನವಾಯಿತು ಎಂದು ಯಾರು ಹೇಳಿದರೂ ನಾನು ಮೊದಲು ನೋಡುವುದು ಇದನ್ನೇ. ನಿಧಾನವಾಗಿರುವಾಗಲೇ ನೋಡಬೇಕು, ಅದೂ ಮುಖ್ಯ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಂದು ಅಕ್ಕಪಕ್ಕ ಕಂಬಸಾಲುಗಳಿರುತ್ತವೆ. ಪ್ರತಿಯೊಂದರ ನೆತ್ತಿಯ ಮೇಲೆ ಶೇಕಡಾವಾರು ಅಂಕಿ. ಯಾವುದು ನೂರರ ಹತ್ತಿರ ನಿಂತು ಕದಲುವುದಿಲ್ಲವೋ ಉಳಿದವೆಲ್ಲ ಅದಕ್ಕಾಗಿ ಕಾಯುತ್ತಿವೆ ಎಂದು ಅರ್ಥ. ಮಾವನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಶೇ 6, ಮೆಮೊರಿ ಶೇ 70, ಡಿಸ್ಕ್ ಶೇ 100. ಪಕ್ಕದಲ್ಲೇ ಆ ಡಿಸ್ಕ್ ಓದಿ ಬರೆಯುತ್ತಿದ್ದ ವೇಗ: ಸೆಕೆಂಡಿಗೆ ಅರ್ಧ ಎಂಬಿಯೂ ಇಲ್ಲ.

ನೂರಕ್ಕೆ ನೂರು ದುಡಿಯುತ್ತಿದೆ, ಆದರೆ ಏನೂ ಸಾಗುತ್ತಿಲ್ಲ. ಇದು ಹೇಗೆ ಎಂದು ತಿಳಿಯಲು ಡಿಸ್ಕಿನ ಒಳಗೇನಾಗುತ್ತದೆ ಎಂದು ನೋಡಬೇಕು. ಹಾರ್ಡ್ ಡಿಸ್ಕ್ ಎಂದರೆ ಗ್ರಾಮಫೋನ್ ತಟ್ಟೆಯಂತೆ ತಿರುಗುವ ಬಿಲ್ಲೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ಒಂದು ತಲೆ. ಐಬಿಎಂ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ಬಿಲ್ಲೆಗಳಿದ್ದವು, ಇಡೀ ಯಂತ್ರ ಸುಮಾರು ಒಂದು ಟನ್ ತೂಗುತ್ತಿತ್ತು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಗಾತ್ರ ಕುಗ್ಗಿ ಸಾಮರ್ಥ್ಯ ಲಕ್ಷಪಟ್ಟು ಹೆಚ್ಚಿದರೂ ತಿರುಗುವ ಬಿಲ್ಲೆ, ಚಲಿಸುವ ತಲೆ ಎಂಬ ಮೂಲ ವಿಧಾನ ಬದಲಾಗಲಿಲ್ಲ.

ಡೆಸ್ಕ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ನಾಲ್ಕು ಮಿಲಿಸೆಕೆಂಡಿಗೆ ಸ್ವಲ್ಪ ಹೆಚ್ಚು. ತಲೆ ಆ ಸಾಲಿನ ಮೇಲೆ ಬಂದು ನಿಲ್ಲಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಒಟ್ಟು ಹದಿಮೂರು ಎಂದಿಟ್ಟುಕೊಂಡರೆ ಒಂದು ಸೆಕೆಂಡಿನಲ್ಲಿ ಎಪ್ಪತ್ತೈದು ಕಡೆ ಹೋಗಿ ಬರಬಹುದು. ಒಂದೊಂದು ಸಲಕ್ಕೆ 4 ಕೆಬಿ ತಂದರೆ ಸೆಕೆಂಡಿಗೆ 300 ಕೆಬಿ. ಒಂದೇ ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ದಾಟುವ ಅದೇ ಡಿಸ್ಕ್, ನೂರು ಕಡೆ ಚದುರಿದ ಚೂರುಗಳನ್ನು ಹುಡುಕುವಾಗ ಇಷ್ಟಕ್ಕೆ ಇಳಿಯುತ್ತದೆ. ವಿಂಡೋಸ್ ಏಳುವಾಗ ಮಾಡುವುದು ಇಂಥ ಹುಡುಕಾಟವನ್ನೇ, ಸಾವಿರಾರು ಸಣ್ಣ ಫೈಲುಗಳಿಗಾಗಿ. ಬಿಲ್ಲೆಯ ಬದಲು ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಚಲಿಸುವುದೂ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಕಡೆಯಿಂದ ಓದಬಲ್ಲದು. ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿದವರೆಲ್ಲ “ಹೊಸದೇ ಆಯ್ತು” ಎನ್ನುವುದು ಇದರಿಂದಲೇ. ಹಣವಿರುವುದು ಒಂದೇ ಬಿಡಿಭಾಗಕ್ಕಾದರೆ ಅದು ಎಸ್‌ಎಸ್‌ಡಿಯೇ ಆಗಿರಲಿ ಎಂದು ನಾನು ಯಾವತ್ತೂ ಹೇಳುತ್ತೇನೆ.

ನಿಧಾನಕ್ಕೆಲ್ಲ ಡಿಸ್ಕೇ ಕಾರಣ ಎಂದಲ್ಲ. ಮೆಮೊರಿಯ ಕಂಬಸಾಲು ಶೇ 90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ರ‍್ಯಾಮಿನಲ್ಲಿ ಹಿಡಿಸದ್ದನ್ನು ಕಂಪ್ಯೂಟರ್ ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ಸಣ್ಣ ಅಡುಗೆಮನೆಯ ಕಟ್ಟೆಯಲ್ಲಿ ಜಾಗವಿಲ್ಲದೆ ಪ್ರತಿ ಡಬ್ಬಿಗೂ ಅಟ್ಟ ಹತ್ತಿ ಇಳಿದ ಹಾಗೆ. ಹತ್ತಿ ಇಳಿಯುವುದೇ ಕೆಲಸವಾಗಿ ಅಡುಗೆ ನಿಂತುಹೋಗುವ ಈ ಸ್ಥಿತಿಯನ್ನು ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ವಿವರಿಸಿ ಅದಕ್ಕೆ ಕಾರಣ, ಪರಿಹಾರ ಎರಡನ್ನೂ ಬರೆದಿದ್ದರು. ಇಂದಿನ ಬ್ರೌಸರ್ ಒಂದೇ 4 ಜಿಬಿ ರ‍್ಯಾಮನ್ನು ತಿಂದುಹಾಕುತ್ತದೆ, 8 ಜಿಬಿ ಇಲ್ಲದೆ ಇವತ್ತು ಕೆಲಸ ಸಾಗುವುದು ಕಷ್ಟ. ಪ್ರೊಸೆಸರ್ ಕಾದರೂ ನಿಧಾನವಾಗುತ್ತದೆ: ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಎಳೆಯತೊಡಗಿದರೆ ಕ್ಯಾಬಿನೆಟ್ ಬಿಚ್ಚಿ ಫ್ಯಾನಿನ ಧೂಳು ನೋಡಬೇಕು. ಪ್ರೆಸ್ಸುಗಳಲ್ಲಿ ಕಾಗದದ ಹೊಟ್ಟೂ ಸೇರಿ ಅದು ಕಂಬಳಿಯಂತೆ ಕೂತಿರುತ್ತದೆ. ಎರಡೆರಡು ಆಂಟಿವೈರಸ್ ಹಾಕಿಕೊಂಡವರದು ಇನ್ನೊಂದು ಕಥೆ, ಒಂದನ್ನು ತೆಗೆದರೆ ಮುಗಿಯಿತು.

ಆದರೆ ಡಿಸ್ಕ್ ನೂರರಲ್ಲಿ ನಿಂತು, ವೇಗ ನೆಲಕಚ್ಚಿ, ಹೋದ ತಿಂಗಳವರೆಗೂ ಹೀಗಿರಲಿಲ್ಲ ಎಂದಾಗ ನನ್ನ ಅನುಮಾನ ಬೇರೆಯೇ ಕಡೆ ಹೋಗುತ್ತದೆ. ಡಿಸ್ಕಿಗೆ ಕೊನೆಗಾಲ ಬಂದಿರಬಹುದೇ?

ಡಿಸ್ಕಿನ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ಗದ್ದೆಗಳಾಗಿ ಭಾಗ ಮಾಡಿರುತ್ತಾರೆ. ಒಂದು ಗದ್ದೆಯಲ್ಲಿ 512 ಅಥವಾ 4096 ಬೈಟು. ಯಾವುದಾದರೂ ಗದ್ದೆಯ ಕಾಂತಗುಣ ಕೆಟ್ಟರೆ ತಲೆ ಓದಿದ್ದು ತಾಳೆಯಾಗುವುದಿಲ್ಲ. ಡಿಸ್ಕ್ ಸುಮ್ಮನೆ ಬಿಟ್ಟುಬಿಡುವುದಿಲ್ಲ, ಮತ್ತೆ ಓದುತ್ತದೆ, ತಲೆಯನ್ನು ಒಂಚೂರು ಆಚೀಚೆ ಸರಿಸಿ ಮತ್ತೆ ಓದುತ್ತದೆ. ಒಂದೇ ಗದ್ದೆಗಾಗಿ ಹತ್ತಾರು ಸೆಕೆಂಡು ಹೀಗೆ ಹೆಣಗುವುದುಂಟು. ಅಷ್ಟು ಹೊತ್ತು ವಿಂಡೋಸ್ ಕಾಯುತ್ತದೆ, ಮೌಸಿನ ಬಾಣ ಅಲ್ಲಾಡಿದರೂ ಮತ್ತೇನೂ ಅಲ್ಲಾಡುವುದಿಲ್ಲ. ನಾವು ‘ಹ್ಯಾಂಗ್ ಆಯ್ತು’ ಎನ್ನುತ್ತೇವೆ. ನಮಗೆ ಸೋಮಾರಿತನದಂತೆ ಕಾಣುವ ಆ ಹೊತ್ತಿನಲ್ಲಿ ಡಿಸ್ಕ್ ನಮ್ಮ ಅಕ್ಷರಗಳನ್ನು ಉಳಿಸಲು ಕೈಲಾದದ್ದನ್ನೆಲ್ಲ ಮಾಡುತ್ತಿರುತ್ತದೆ.

ಈ ಹೆಣಗಾಟದ ಲೆಕ್ಕವನ್ನು ಡಿಸ್ಕ್ ತನ್ನೊಳಗೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ಜಪಾನಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದನ್ನು ಓದಬಹುದು. ಅಲ್ಲಿ ನೋಡಬೇಕಾದ ಸಾಲುಗಳು ಮುಖ್ಯವಾಗಿ ಎರಡು. 05 ಎಂಬ ಸಾಲಿನಲ್ಲಿ, ಕೆಟ್ಟದ್ದರಿಂದ ಕೈಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಗದ್ದೆಗಳ ಎಣಿಕೆ. ಸಿ5 ಎಂಬ ಸಾಲಿನಲ್ಲಿ, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಗದ್ದೆಗಳ ಎಣಿಕೆ. ಎರಡರಲ್ಲೂ ಸೊನ್ನೆ ಇರಬೇಕು. ಮಾವನ ಡಿಸ್ಕಿನಲ್ಲಿ ಎರಡರಲ್ಲೂ ಇರಲಿಲ್ಲ. ಸಿ5ರ ಅಂಕಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಇನ್ನೂ ಏರಿತ್ತು.

ಗೂಗಲಿನ ಮೂವರು ಎಂಜಿನಿಯರುಗಳು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ದೋಷ ಕಂಡ ಮೇಲಿನ 60 ದಿನಗಳಲ್ಲಿ, ದೋಷವಿಲ್ಲದ ಡಿಸ್ಕಿಗಿಂತ ಅದು ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು ಎಂದು ಅವರಿಗೆ ಕಂಡುಬಂತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ. ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ 36ಕ್ಕಿಂತ ಹೆಚ್ಚಿನವು ಯಾವ ಸೂಚನೆಯನ್ನೂ ಕೊಡದೆಯೇ ಕೆಟ್ಟಿದ್ದವು. ಮಾವನ ಡಿಸ್ಕ್ ನಿಧಾನವಾಗಿಯಾದರೂ ಸೂಚನೆ ಕೊಟ್ಟಿತ್ತು. ಎಸ್‌ಎಸ್‌ಡಿಗಳಂತೂ ಕೆಡುವಾಗ ಎಷ್ಟೋ ಸಲ ಈ ಅವಕಾಶವನ್ನೂ ಕೊಡುವುದಿಲ್ಲ, ಸಂಜೆ ಕೆಲಸ ಮಾಡಿದ್ದು ಬೆಳಿಗ್ಗೆ ಕಾಣಿಸುವುದೇ ಇಲ್ಲ.

ಇಂಥ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದರೆ ಏನಾಗುತ್ತಿತ್ತು? ಸಿ ಪಾಲಿನಲ್ಲಿದ್ದದ್ದು ಅಳಿಯುತ್ತಿತ್ತು. ಹೊಸ ವಿಂಡೋಸ್ ಹಾಕುವಾಗ ಹತ್ತಾರು ಜಿಬಿ ಹೊಸದಾಗಿ ಬರೆದು ಅದನ್ನು ಇನ್ನಷ್ಟು ದಣಿಸಿದಂತಾಗುತ್ತಿತ್ತು. ಎರಡು ದಿನ ಚುರುಕಾಗಿದ್ದು ಮತ್ತೆ ಅದೇ ಹಾಡು. ಡಿಸ್ಕ್ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಆಜ್ಞೆ ಕೊಡುವುದೂ ಈ ಹಂತದಲ್ಲಿ ತಪ್ಪು. ಅದು ಇಡೀ ಬಿಲ್ಲೆಯನ್ನು ಮೂಲೆ ಬಿಡದೆ ಓದಿಸುತ್ತದೆ, ಓದಲಾಗದ ಕಡೆ ಫೈಲುಗಳ ಪಟ್ಟಿಯನ್ನೇ ಬದಲಿಸುತ್ತದೆ. ಗೋಡೆ ಬಿರುಕು ಬಿಟ್ಟ ಮನೆಗೆ ಸುಣ್ಣ ಬಳಿಯುವ ಮೊದಲು ಸಾಮಾನು ಹೊರಗೆ ಸಾಗಿಸಬೇಕಲ್ಲವೇ? ಕಂಪ್ಯೂಟರ್ ಆರಿಸಿ ಡಿಸ್ಕ್ ಹೊರಗೆ ತೆಗೆದೆ.

ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿ ತಂತಿಯ ವಿದ್ಯುತ್ ಸಾಲದು, ಪ್ರತ್ಯೇಕ ಅಡಾಪ್ಟರ್ ಇರುವ ಡಾಕ್ ಬೇಕು. ಅದನ್ನು ಜೊತೆಗೆ ಒಯ್ದಿದ್ದೆ. ನನ್ನ ಲ್ಯಾಪ್‌ಟಾಪನ್ನು ಪೆನ್ ಡ್ರೈವಿನಿಂದ ಲಿನಕ್ಸಿನಲ್ಲಿ ಎಬ್ಬಿಸಿ, ಡಿಸ್ಕಿನ ಮೇಲೆ ಏನೂ ಬರೆಯದಂತೆ, ಓದಲು ಮಾತ್ರ ತೆರೆದೆ. ಮೊದಲು ಮೇಷ್ಟ್ರ ಪುಸ್ತಕ. ಆಮೇಲೆ ಆ ವಾರ ಕೊಡಬೇಕಿದ್ದ ಪತ್ರಿಕೆಗಳು. ಆಮೇಲೆ ಲೆಕ್ಕದ ಫೈಲುಗಳು. ಇಷ್ಟಾದ ಮೇಲೆ ಇಡೀ ಡಿಸ್ಕಿನ ಪ್ರತಿ ತೆಗೆಯಲು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದೆ. ಸಾಮಾನ್ಯ ಕಾಪಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯ ಕಾಪಿ ಮೊದಲ ಕೆಟ್ಟ ಗದ್ದೆಗೇ ಬಂದು ಮುಗ್ಗರಿಸುತ್ತದೆ. ಇದು ಕೆಟ್ಟ ಕಡೆಯನ್ನು ಗುರುತು ಹಾಕಿಕೊಂಡು ದಾಟಿ, ಸಲೀಸಾಗಿ ಓದಬಹುದಾದ್ದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಗದ್ದೆಗಳಿಗೆ ಕೊನೆಯಲ್ಲಿ ಮರಳುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ತಿಪಟೂರಿನಲ್ಲಿ ಆ ಮಧ್ಯಾಹ್ನ ಎರಡು ಸಲ ಹೋಯಿತು. ಡಿಸ್ಕಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟು, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ನೋಡಿದಾಗ ಓದಲಾಗದೆ ಉಳಿದದ್ದು ಕೆಲವೇ ಕೆಬಿಗಳು.

ಅಷ್ಟರಲ್ಲಿ ಅತ್ತೆ ಮನೆಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಬೀರುವಿನಲ್ಲಿ ಮನೆಪತ್ರಗಳ ಜೊತೆ ಇಟ್ಟಿದ್ದರಂತೆ. “ಪುಣೆಗೆ ಹೋಗೋ ಮುಂಚೆ ಅವನು ಇದರಲ್ಲಿ ಎಲ್ಲಾ ಹಾಕಿಟ್ಟಿದೀನಮ್ಮ, ಜೋಪಾನ ಅಂದಿದ್ದ. ಇದು ಉಪಯೋಗಕ್ಕೆ ಬರುತ್ತಾ ನೋಡಪ್ಪ” ಎಂದರು. ಮಾವನ ಮಗ ಒಂದೂವರೆ ವರ್ಷದ ಹಿಂದೆ ಎಕ್ಸ್‌ಟರ್ನಲ್ ಡಿಸ್ಕಿಗೆ ಇಡೀ ಕಂಪ್ಯೂಟರಿನ ಸಿಸ್ಟಮ್ ಇಮೇಜ್ ತೆಗೆದಿಟ್ಟಿದ್ದ. ಫೈಲುಗಳ ನಕಲು ಬೇರೆ, ಇಮೇಜ್ ಬೇರೆ. ಇಮೇಜಿನಲ್ಲಿ ವಿಂಡೋಸ್, ಹಾಕಿದ ತಂತ್ರಾಂಶಗಳು, ಫಾಂಟುಗಳು, ಪ್ರಿಂಟರಿನ ಹೊಂದಿಕೆ ಎಲ್ಲವೂ ಆ ದಿನ ಹೇಗಿದ್ದವೋ ಹಾಗೇ ಅಚ್ಚೊತ್ತಿರುತ್ತವೆ. ಹಳೆಯ ಪ್ರೆಸ್ಸುಗಳಿಗೆ ಇದರ ಬೆಲೆ ಕಟ್ಟಲಾಗದು, ಏಕೆಂದರೆ ಅಲ್ಲಿ ಓಡುತ್ತಿರುವ ಎಷ್ಟೋ ತಂತ್ರಾಂಶಗಳ ಸಿಡಿ ಇವತ್ತು ಯಾರ ಬಳಿಯೂ ಇಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ.

ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಪೆನ್ ಡ್ರೈವಿನಿಂದ ಎಬ್ಬಿಸಿ, ರಿಪೇರಿಯ ಆಯ್ಕೆಯೊಳಗೆ ಹೋಗಿ ಸಿಸ್ಟಮ್ ಇಮೇಜ್ ರಿಕವರಿ ಒತ್ತಿದರೆ ಆಯಿತು ಎಂದುಕೊಂಡಿದ್ದೆ. ಆಗಲಿಲ್ಲ. ಮೊದಲಿಗೆ ಇಮೇಜೇ ಸಿಗಲಿಲ್ಲ. ಯಾರೋ ಅದರ ಫೋಲ್ಡರನ್ನು ‘ಹಳೇದು’ ಎಂಬ ಇನ್ನೊಂದು ಫೋಲ್ಡರಿನೊಳಗೆ ಎಳೆದಿಟ್ಟಿದ್ದರು. ಅದು ಡಿಸ್ಕಿನ ಹೊರಪದರದಲ್ಲೇ, ಮೊದಲಿಟ್ಟ ಹೆಸರಿನಲ್ಲೇ ಇರಬೇಕು. ಹೊರಗೆ ತಂದಿಟ್ಟ ಮೇಲೆ ಸಿಕ್ಕಿತು. ಆಮೇಲೆ ಡಿಸ್ಕ್ ಚಿಕ್ಕದು ಎಂದು ತಿರಸ್ಕರಿಸಿತು. ಹಳೆಯದು 500 ಜಿಬಿ, ಅಂಗಡಿಯಲ್ಲಿದ್ದ ಎಸ್‌ಎಸ್‌ಡಿ 480. ಒಳಗೆ ತುಂಬಿದ್ದದ್ದು ಇನ್ನೂರೂ ದಾಟಿರಲಿಲ್ಲ, ಆದರೂ ವಿಂಡೋಸಿನ ಈ ಸಲಕರಣೆ ಮೂಲ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದನ್ನೇ ಕೇಳುತ್ತದೆ. ಅಂಗಡಿಯವರು ಒಳ್ಳೆಯವರು, 1 ಟಿಬಿಯದಕ್ಕೆ ಬದಲಾಯಿಸಿಕೊಟ್ಟರು. ಮೂರನೆಯ ಸಲ ಫರ್ಮ್‌ವೇರ್ ಹೊಂದುತ್ತಿಲ್ಲ ಎಂಬ ಸಂದೇಶ. ಹಳೆಯ ವಿಂಡೋಸ್ ಹಾಕಿದ್ದದ್ದು ಕಂಪ್ಯೂಟರ್ ಎಬ್ಬಿಸುವ ಹಳೆಯ ಬಯಾಸ್ ಪದ್ಧತಿಯಲ್ಲಿ, ನಾನು ಪೆನ್ ಡ್ರೈವ್ ಎಬ್ಬಿಸಿದ್ದು ಹೊಸ ಯುಇಎಫ್ಐ ಪದ್ಧತಿಯಲ್ಲಿ. ಬೂಟ್ ಪಟ್ಟಿಯಲ್ಲಿ ಅದೇ ಪೆನ್ ಡ್ರೈವಿನ ಹೆಸರು ಎರಡು ಸಲ ಇರುತ್ತದೆ, ಇನ್ನೊಂದನ್ನು ಆರಿಸಿದಾಗ ಸರಿಹೋಯಿತು. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಬ್ಯಾಕಪ್ ಕೈಯಲ್ಲಿದ್ದೂ ಇಂಥ ಮೂರು ಸಂದೇಶ ಕಂಡು ಸೋತು, “ಬ್ಯಾಕಪ್ಪೂ ಹಾಳಾಗಿದೆ” ಎಂದು ಕೈಚೆಲ್ಲಿದವರನ್ನು ನಾನು ಬಲ್ಲೆ.

ಸಂಜೆ ಹೊತ್ತಿಗೆ ಕಂಪ್ಯೂಟರ್ ಎದ್ದಿತು. ಅರ್ಧ ನಿಮಿಷದೊಳಗೆ. ಪರದೆಯ ಮೇಲೆ ಒಂದೂವರೆ ವರ್ಷದ ಹಿಂದಿನ ಕೆಲಸಗಳು ಸಾಲಾಗಿ ನಿಂತಿದ್ದವು. ಆ ಕಾರ್ತಿಕದ ಮದುವೆಗಳು, ಆ ವರ್ಷದ ಜಾತ್ರೆ. ಮಾವ ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೇ ನೋಡಿದರು. ನಾನು ಹಿಂದಿನ ರಾತ್ರಿ ಉಳಿಸಿದ್ದ ಹೊಸ ಫೈಲುಗಳನ್ನು ಅದರ ಮೇಲೆ ತಂದು ಹಾಕಿದೆ. ಮೇಷ್ಟ್ರ ಪುಸ್ತಕ ತೆರೆದೆವು.

ಇನ್ನೂರು ಪುಟದಲ್ಲೂ ಒಂದು ಕನ್ನಡಕ್ಷರವಿಲ್ಲ. ಇಂಗ್ಲಿಷಿನ ಚೂರುಗಳು, ಚಿಹ್ನೆಗಳು, ತಲೆಯ ಮೇಲೆ ಗೀಟಿರುವ ವಿಚಿತ್ರ ಅಕ್ಷರಗಳು. ಮಾವನ ಮುಖ ಬಿಳಿಚಿಕೊಂಡಿತು.

ಕನ್ನಡದಲ್ಲಿ ಡಿಟಿಪಿ ಮಾಡುವವರಿಗೆ ಇದರ ಕಾರಣ ಗೊತ್ತಿರುತ್ತದೆ, ಉಳಿದವರಿಗೆ ಹೇಳಬೇಕು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಕೇರಿ ಇದೆ. ಅಲ್ಲಿ ‘ಕ’ ಎಂದರೆ ಲೋಕದ ಯಾವ ಕಂಪ್ಯೂಟರಿನಲ್ಲೂ ‘ಕ’. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಹಾಗಾಗಿ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದ ಕಂಪ್ಯೂಟರಿನ ಲೆಕ್ಕಕ್ಕೆ ಒಂದು ದೊಡ್ಡ ಪಿ, ಓರೆ ಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಹೀಗೆ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ಹಾಳಾಗಿರುವುದಿಲ್ಲ, ಓದಲು ಬರುವುದಿಲ್ಲ ಅಷ್ಟೆ. ಮೇಷ್ಟ್ರ ಪುಸ್ತಕಕ್ಕೆ ಮಾವ ಬಳಸಿದ್ದು ಹೋದ ವರ್ಷವಷ್ಟೇ ಕೊಂಡ ಹೊಸ ಫಾಂಟಿನ ಕಂತೆ. ಇಮೇಜ್ ಅದಕ್ಕಿಂತ ಹಳೆಯದು. ಫಾಂಟುಗಳಿರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ, ಯಾರೂ ಬ್ಯಾಕಪ್ ಮಾಡುವಾಗ ನೆನೆಯದ ಜಾಗದಲ್ಲಿ. ಫಾರ್ಮ್ಯಾಟ್ ಹೊಡೆದಿದ್ದರೆ ಮೊದಲು ಹೋಗುತ್ತಿದ್ದದ್ದೇ ಅದು.

ಡಿಡಿರೆಸ್ಕ್ಯೂ ತೆಗೆದ ಪ್ರತಿ ಇತ್ತು. ಅದರ ಸಿ ಪಾಲಿನಿಂದ ಫಾಂಟ್ ಫೋಲ್ಡರನ್ನು ತಂದು ಹಾಕಿ ಮತ್ತೆ ತೆರೆದಾಗ ಮೇಷ್ಟ್ರ ಮುನ್ನುಡಿ ಮೊದಲ ಸಾಲಿನಿಂದಲೇ ಕನ್ನಡದಲ್ಲಿ ಎದುರಾಯಿತು. ಹಳೆಯ ಫಾಂಟಿನಲ್ಲಿರುವ ಕನ್ನಡ ಬರಹ ನಾಡಿನ ಪ್ರೆಸ್ಸು, ಮಠ, ಸಂಘಸಂಸ್ಥೆ, ಲೇಖಕರ ಮನೆಗಳಲ್ಲಿ ರಾಶಿ ಬಿದ್ದಿದೆ. ಅದನ್ನು ಉಳಿಸುವವರು ಫಾಂಟಿನ ಫೈಲನ್ನೂ ಅದೇ ಫೋಲ್ಡರಿನಲ್ಲಿ ಇಡಬೇಕು. ಜೊತೆಗೆ ಒಂದು ಪಿಡಿಎಫ್ ಪ್ರತಿ. ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿದ್ದರೆ ಎಲ್ಲಿ ತೆರೆದರೂ ಓದಬಹುದು. ಪರಿವರ್ತಕಗಳನ್ನು ಬಳಸಿ ಯೂನಿಕೋಡಿಗೂ ಬದಲಾಯಿಸಿಟ್ಟರೆ ಇನ್ನೂ ಒಳ್ಳೆಯದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು.

ಆ ರಾತ್ರಿ ಊಟವಾದ ಮೇಲೆ ಮಾವ ಕೇಳಿದರು: “ಹಾಗಾದ್ರೆ ಬ್ಯಾಕಪ್ ಅಂದ್ರೆ ಏನಪ್ಪ ಮಾಡಬೇಕು?” ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಲೆಕ್ಕವಿದೆ, ಮೂರು ಎರಡು ಒಂದು. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಗೆ ಬೆಂಕಿ ಬಿದ್ದರೆ, ಕಳ್ಳ ನುಗ್ಗಿದರೆ ಮನೆಯಲ್ಲಿರುವುದು ಉಳಿಯುತ್ತದೆ. “ಗೂಗಲ್ ಡ್ರೈವ್ ಮಾದರಿಯ ಆನ್‌ಲೈನ್ ಜಾಗಕ್ಕೆ ಫೋಲ್ಡರನ್ನು ಹೊಂದಿಸಿಟ್ಟಿದ್ದೇನೆ, ಅದೇ ಬ್ಯಾಕಪ್” ಎನ್ನುವವರಿದ್ದಾರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ ಕೆಲವು ದಿನ ಇದ್ದರೂ ಆಮೇಲೆ ಇಲ್ಲ. ಎಕ್ಸ್‌ಟರ್ನಲ್ ಡಿಸ್ಕನ್ನು ಯಾವಾಗಲೂ ಚುಚ್ಚಿಟ್ಟಿರುವುದೂ ತಪ್ಪು. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಲೋಕವಿಡೀ ಹರಡಿದಾಗ ಕಂಪ್ಯೂಟರಿಗೆ ಸೇರಿಸಿಟ್ಟಿದ್ದ ಡಿಸ್ಕುಗಳಿಗೂ ಅದು ಬೀಗ ಹಾಕಿತು. ಬರೆದಾದ ಮೇಲೆ ಕಳಚಿ ಬೀರುವಿಗೆ ಇಡಬೇಕು. ಬೀರುವಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ಪೆನ್ ಡ್ರೈವ್, ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ವಾಸಿ. ವಿದ್ಯುತ್ತಿಲ್ಲದೆ ಬಹುಕಾಲ ಇದ್ದರೆ ಮೊದಲ ಎರಡರಲ್ಲಿನ ಬರಹ ಮಸುಕಾಗುವ ಸಾಧ್ಯತೆಯಿದೆ.

ಇಷ್ಟೆಲ್ಲ ಮಾಡಿಯೂ ಕೊನೆಯ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಾವನಿಗೆ ಗಿಟ್‌ಲ್ಯಾಬ್ ಕಥೆ ಹೇಳಿದೆ. ತಂತ್ರಾಂಶ ಬರೆಯುವ ಅನೇಕರು ತಮ್ಮ ಕೆಲಸವನ್ನು ಇಡುವ ಸಂಸ್ಥೆ ಅದು. 2017ರ ಜನವರಿ 31ರ ರಾತ್ರಿ, ದಣಿದಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಕ್ಷಣ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪಿಗೆ ಐದು ಏರ್ಪಾಡುಗಳಿದ್ದವು. ಒಂದೂ ನೆಚ್ಚುವಂತಿರಲಿಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ದಿನದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಆಗುತ್ತಿಲ್ಲ ಎಂದು ಎಚ್ಚರಿಸುವ ಇಮೇಲುಗಳೂ ತಲುಪುತ್ತಿರಲಿಲ್ಲ. ಬೇರಾವುದೋ ಪರೀಕ್ಷೆಗೆಂದು ಒಬ್ಬರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯಿಂದ ಅವರು ಮತ್ತೆ ಎದ್ದು ನಿಂತರು. ಆ ಸಂಸ್ಥೆ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿತು, ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ. ಐದು ಏರ್ಪಾಡುಗಳಲ್ಲಿ ಒಂದನ್ನಾದರೂ ಯಾರಾದರೂ ಮೊದಲೇ ಒಮ್ಮೆ ಮರಳಿ ತೆರೆದು ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು.

ಈಗ ಪ್ರೆಸ್ಸಿನಲ್ಲಿ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಿವೆ. ಶನಿವಾರ ಸಂಜೆ ಬಾಗಿಲು ಹಾಕುವ ಮೊದಲು ಒಂದಕ್ಕೆ ಬರೆದು ಮಾವ ಮನೆಗೆ ಒಯ್ಯುತ್ತಾರೆ, ಮುಂದಿನ ಶನಿವಾರ ಇನ್ನೊಂದು. ಆ ಕಂಪ್ಯೂಟರಿನಲ್ಲಿರುವ ವಿಂಡೋಸ್ 10ಕ್ಕೆ ಉಚಿತ ಭದ್ರತಾ ನೆರವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದರ ಇಂಟರ್‌ನೆಟ್ ತಂತಿ ಕಳಚಿದ್ದೇವೆ, ಅದು ಪೇಜ್‌ಮೇಕರ್ ಕೆಲಸಕ್ಕೆ ಮಾತ್ರ. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚುವ ಮೊದಲು ಕ್ಯಾಬಿನೆಟ್ಟಿನ ಧೂಳು ಊದಿ, ಬ್ಯಾಕಪ್ ಡಿಸ್ಕನ್ನು ಅತ್ತೆಯ ಲ್ಯಾಪ್‌ಟಾಪಿಗೆ ಸೇರಿಸಿ ಹತ್ತು ಫೈಲುಗಳನ್ನು ತೆರೆದು ಓದುವುದನ್ನು ಮಾವ ಪದ್ಧತಿ ಮಾಡಿಕೊಂಡಿದ್ದಾರೆ. ಹಳೆಯ ಡಿಸ್ಕನ್ನು ಮೂರು ವಾರದ ನಂತರ ಒಮ್ಮೆ ಡಾಕಿಗೆ ಹಾಕಿ ನೋಡಿದೆವು. ಎರಡು ಸಲ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು.

ನಿಮ್ಮ ಮನೆಯಲ್ಲೂ ಒಂದು ಬ್ಯಾಕಪ್ ಡಿಸ್ಕ್ ಇರಬಹುದು. ಈ ಭಾನುವಾರ ಅದನ್ನು ಬೇರೆ ಕಂಪ್ಯೂಟರಿಗೆ ಸೇರಿಸಿ, ನಿಮಗೆ ತೀರಾ ಬೇಕಾದ ಒಂದು ಫೈಲನ್ನು ತೆರೆದು ಓದಿ ನೋಡಿ.